ಐದೂವರೆಗೆ ಟೇಬಲ್ ಬಿಡಬೇಕು

ತಿಂಗಳ ಎರಡನೇ ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಗ್ರಹಣವಲ್ಲ, ಏಕಾದಶಿಯಲ್ಲ, ಸಿಲಿಂಡರ್ ಖಾಲಿಯಾದದ್ದೂ ಅಲ್ಲ. ಅವತ್ತು ನಾನು ಪುಸ್ತಕ ಚರ್ಚೆಗೆ ಹೋಗುತ್ತೇನೆ. "ನಾಲ್ಕಕ್ಕೆ ಸಾಹಿತ್ಯ, ನಾಲ್ಕೂಕಾಲಿಗೆ ದೋಸೆ" ಎಂದು ನಮ್ಮ ಮನೆಯವರು ಅಣಕಿಸುತ್ತಾರೆ. ಅಣಕಿಸಲಿ. ನಾನು ಗೇಟು ದಾಟುವಷ್ಟರಲ್ಲಿ ಒಳಗಿಂದ "ಬರ್ತಾ ಎರಡು ಮದ್ದೂರು ವಡೆ ಪಾರ್ಸೆಲ್" ಎಂದು ಕೂಗುವವರೂ ಅವರೇ.

ನಮ್ಮ ಬಳಗಕ್ಕೆ ಹೆಸರಿಲ್ಲ. ಹೆಸರಿಡಲೆಂದೇ ಮೊದಲ ಮೂರು ಸಭೆಗಳನ್ನು ಖರ್ಚು ಮಾಡಿದೆವು. ಒಬ್ಬರಿಗೆ ಸಂಸ್ಕೃತದ ಹೆಸರು ಬೇಕಿತ್ತು, ಇನ್ನೊಬ್ಬರಿಗೆ ಅಚ್ಚಗನ್ನಡದ್ದು. ರಾಜಿ ಮಾಡಿಸಲು ಹೋದ ಬ್ಯಾಂಕಿನವರು (ನಿವೃತ್ತರಾಗಿ ಹನ್ನೊಂದು ವರ್ಷವಾಯಿತು, ನಮಗೆ ಇನ್ನೂ ಬ್ಯಾಂಕಿನವರೇ) ಎರಡನ್ನೂ ಅರ್ಧರ್ಧ ಸೇರಿಸಿ ಒಂದು ಹೆಸರು ಹೇಳಿದರು. ಅದು ನೋವಿನ ಮುಲಾಮಿನ ಹೆಸರಿನ ಹಾಗೆ ಕೇಳಿಸಿತು. ಅಲ್ಲಿಗೆ ಆ ವಿಚಾರ ಬಿಟ್ಟೆವು.

ಸೇರುವುದು ಒಂಟಿಕೊಪ್ಪಲಿನ ಒಂದು ಹೋಟೆಲಿನಲ್ಲಿ. ನಮ್ಮ ಕಡೆ ಹೋಟೆಲ್ ಅಂದರೆ ತಿನ್ನುವ ಜಾಗ. ಮಲಗುವುದಕ್ಕೆ ಲಾಡ್ಜ್ ಇದೆ. ನಮ್ಮ ಗುಂಪಿನ ಸಾಫ್ಟ್‌ವೇರ್ ಹುಡುಗ ಒಮ್ಮೆ ಮೆಸೇಜಿನಲ್ಲಿ 'ರೆಸ್ಟೋರೆಂಟ್' ಎಂದು ಬರೆದುಬಿಟ್ಟ. ಎಸಿ ಇರುತ್ತದೆಂದುಕೊಂಡು ಹೊಸದಾಗಿ ಸೇರಿದ ಒಬ್ಬರು ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಹೊತ್ತು ಬಂದರು. ತಲೆಯ ಮೇಲೆ ಗರಗರ ಎನ್ನುವ ಫ್ಯಾನು, ಗೋಡೆಯ ಮೇಲೆ ಊದುಬತ್ತಿಯ ಹೊಗೆ ಕುಡಿದು ಕಪ್ಪಾದ ಲಕ್ಷ್ಮಿಯ ಪಟ, ಪಕ್ಕದಲ್ಲಿ ಕೈ ತೊಳೆಯುವ ಬೇಸಿನ್ನು. ಆ ಬೇಸಿನ್ನಿನ ಬಳಿ ಗಂಟಲು ಸರಿಮಾಡಿಕೊಳ್ಳುವವರ ಸದ್ದಿನ ನಡುವೆ ನಾವು ಕಾರಂತರನ್ನೂ ಮಾಸ್ತಿಯವರನ್ನೂ ಮುಗಿಸಿದ್ದೇವೆ.

ಮೊದಲು ಮನೆಮನೆಗಳಲ್ಲೇ ಸೇರುತ್ತಿದ್ದೆವು. ನಮ್ಮ ಮನೆಯ ಸರದಿ ಬಂದಾಗ ಪುಸ್ತಕ ತ್ರಿವೇಣಿಯವರ 'ಶರಪಂಜರ'. ತ್ರಿವೇಣಿ ನಮ್ಮ ಮೈಸೂರಿನವರು, ಹೆಂಗಸರ ಮನಸ್ಸಿನೊಳಗೆ ದೀಪ ಹಿಡಿದು ಹೋದವರು, ಅವರ ಕಾವೇರಿಯ ಬಗ್ಗೆ ನನಗೆ ಹೇಳಲಿಕ್ಕೆ ಬೇಕಾದಷ್ಟಿತ್ತು. ಹಾಳೆಯ ಮೇಲೆ ಹನ್ನೆರಡು ಅಂಶ ಬರೆದಿಟ್ಟುಕೊಂಡಿದ್ದೆ. ಆದರೆ ಹದಿನಾಲ್ಕು ಜನಕ್ಕೆ ಬೋಂಡ ಕರಿಯಬೇಕಿತ್ತಲ್ಲ. ನಾನು ಬಾಣಲೆಯ ಮುಂದೆ ನಿಂತಿದ್ದಾಗ ಹಾಲಿನಿಂದ ಗಂಡಸರೊಬ್ಬರ ದನಿ ತೇಲಿ ಬಂತು: "ನೋಡಿ, ಈ ಮನೆಯಲ್ಲಿ ಅವಳ ಮಾತು ಕೇಳೋರೇ ಇಲ್ಲ, ಅದೇ ಕಾದಂಬರಿಯ ದುರಂತ." ಎಲ್ಲರೂ ಹೌದು ಹೌದು ಎಂದರು. ಅದೇ ದನಿ ಮುಂದುವರಿದು, "ಅಕ್ಕಾ, ಇನ್ನೊಂದು ಸ್ವಲ್ಪ ಚಟ್ನಿ" ಎಂದಿತು. ನನ್ನ ಹನ್ನೆರಡು ಅಂಶಗಳು ಎಣ್ಣೆಯಾಗಿ ಹಿಟ್ಟಿನ ಡಬ್ಬಿಯ ಕೆಳಗೆ ಸಿಕ್ಕವು, ಮಾರನೆಯ ದಿನ. ಮನೆಗಳ ಸಹವಾಸ ಬೇಡ, ಹೋಟೆಲಿಗೆ ಹೋಗೋಣ ಎಂದು ಗಟ್ಟಿಯಾಗಿ ಹೇಳಿದವಳು ನಾನೇ. ಹೆಂಗಸರೆಲ್ಲ ಕೈ ಎತ್ತಿದರು. ನಡುವೆ ಎರಡು ತಿಂಗಳು ಪಾರ್ಕಿನಲ್ಲಿ ಸೇರಿದ್ದೂ ಉಂಟು. ಕಡಲೆಕಾಯಿ ಮಾರುವವನು ಮತ್ತು ಮಳೆ, ಇಬ್ಬರೂ ಬಿಡಲಿಲ್ಲ.

ಹೋಟೆಲಿನವರಿಗೆ ಮೂರೂವರೆಯಿಂದ ಐದೂವರೆ ಸತ್ತ ಹೊತ್ತು. ಊಟ ಮುಗಿದಿರುತ್ತದೆ, ಸಂಜೆಯ ತಿಂಡಿಯ ಗಿರಾಕಿ ಇನ್ನೂ ಬಂದಿರುವುದಿಲ್ಲ, ಕೆಲಸದ ಹುಡುಗರು ಹಿಂದುಗಡೆ ಮೊಬೈಲು ಹಿಡಿದು ಕಾಲು ಚಾಚಿರುತ್ತಾರೆ. ಕುಂದಾಪುರದ ಕಡೆಯ ಮಾಲೀಕರು ಗಲ್ಲಾದ ಮೇಲೆ ಕೂತು ನಮ್ಮ ಕೋರಿಕೆ ಕೇಳಿದರು. ಪುಸ್ತಕದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಐದೂವರೆಗೆ ಟೇಬಲ್ ಬಿಡಬೇಕು ಅಮ್ಮ. ಆಮೇಲೆ ಫ್ಯಾಮಿಲಿಗಳು ಬರ್ತಾವೆ" ಅಂದರು. ಹಾಗಾದರೆ ನಾವೆಲ್ಲ ಏನು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಒಳಗಿನ ರೂಮು ಬಿಟ್ಟಿಯಾಗಿ ಸಿಗುತ್ತಿತ್ತು.

ಸಪ್ಲಯರ್ ಹುಡುಗನ ಬಗ್ಗೆ ನಮಗೆಲ್ಲ ಬಹಳ ಆಸೆಯಿತ್ತು. ಕಥೆಯಲ್ಲಾಗಿದ್ದರೆ ಇವನು ಲೋಟ ಇಡುತ್ತ ಇಡುತ್ತ ನಮ್ಮ ಮಾತು ಕೇಳಿಸಿಕೊಂಡು, ಆರನೇ ತಿಂಗಳಿಗೆ ನಾವ್ಯಾರೂ ಕಾಣದ ಒಂದು ಸತ್ಯವನ್ನು ಹೇಳಿ ನಮ್ಮ ಬಾಯಿ ಮುಚ್ಚಿಸಬೇಕಿತ್ತು. ಲೆಕ್ಚರರ್ ಮೇಡಂ ಅವನಿಗೆ 'ಕರ್ವಾಲೊ' ಕೊಟ್ಟು, ಓದಪ್ಪ, ಚೆನ್ನಾಗಿದೆ, ಹಾರುವ ಓತಿಯ ಕತೆ ಎಂದರು. ಮುಂದಿನ ತಿಂಗಳು ಅವನು ಅದನ್ನು ಹಾಗೇ ಪೇಪರಿನಲ್ಲಿ ಸುತ್ತಿ ತಂದು ಕೊಟ್ಟ. "ಓದಿದೆಯಾ?" "ಇಲ್ಲ ಮೇಡಂ. ಟೈಮ್ ಎಲ್ಲಿ ಮೇಡಂ. ಬೆಳಿಗ್ಗೆ ಐದಕ್ಕೆ ಏಳ್ಬೇಕು." ಅಷ್ಟೇ. ಅದು ಬಿಟ್ಟು ಅವನಿಗೆ ತಿಳಿಯದ್ದು ಏನೂ ಇಲ್ಲ: ಯಾರಿಗೆ ಸಕ್ಕರೆ ಕಮ್ಮಿ, ಯಾರು ಬೈ ಟು ಹೇಳಿ ಮೂರು ಲೋಟ ಕೇಳುತ್ತಾರೆ, ಯಾರು ಪುಸ್ತಕ ಓದಿಲ್ಲ. ಕೊನೆಯದನ್ನು ಹೇಗೆ ಕಂಡುಹಿಡಿಯುತ್ತೀಯೆಂದು ಕೇಳಿದೆ. "ಓದದೇ ಬಂದೋರು ಎರಡನೇ ಸಲ ಸಾಂಬಾರ್ ಹಾಕಿಸ್ಕೊಳ್ತಾರೆ ಮೇಡಂ, ಮಾತಾಡೋಕಿರಲ್ವಲ್ಲ" ಎಂದ. ಅವತ್ತಿನಿಂದ ನಾನು ಸಾಂಬಾರಿನ ವಿಷಯದಲ್ಲಿ ಹುಷಾರಾಗಿದ್ದೇನೆ.

ಓದದೆ ಬರುವುದೂ ಒಂದು ಕಲೆ. ಸಿನಿಮಾ ನೋಡಿ ಬರುವವರು ಸಲೀಸಾಗಿ ಸಿಕ್ಕಿಬೀಳುತ್ತಾರೆ. 'ವಂಶವೃಕ್ಷ'ದ ಚರ್ಚೆಯಲ್ಲಿ ಒಬ್ಬರು ಕಾದಂಬರಿಯ ಹಿನ್ನೆಲೆ ಸಂಗೀತ ಅದ್ಭುತವೆಂದರು. ಹಿನ್ನುಡಿ ಮಾತ್ರ ಓದಿ ಬರುವವರು ಜಾಣರು. ಅವರ ಮಾತಿನಲ್ಲಿ 'ಅನನ್ಯ', 'ಸಂವೇದನೆ' ಎಂಬ ಶಬ್ದಗಳು ಹೆಚ್ಚಾಗಿರುತ್ತವೆ, ಪಾತ್ರಗಳ ಹೆಸರು ಇರುವುದಿಲ್ಲ. ಎಲ್ಲರಿಗಿಂತ ಮೇಲಿನವರು ನಮ್ಮ ಔಷಧಿ ಅಂಗಡಿಯವರು. ಏನೂ ಹೇಳದೆ ಕೊನೆಯವರೆಗೆ ಕಾದು, ತಲೆಯಾಡಿಸಿ, "ಅಲ್ಲಾ, ಇದೆಲ್ಲ ಸರಿ, ಆದ್ರೆ ಇವತ್ತಿನ ಕಾಲಕ್ಕೆ?" ಎನ್ನುತ್ತಾರೆ. ಆ ಪ್ರಶ್ನೆ ಎದುರು ನಿಲ್ಲುವ ಪುಸ್ತಕವನ್ನು ಕನ್ನಡದಲ್ಲಿ ಇನ್ನೂ ಯಾರೂ ಬರೆದಿಲ್ಲ.

ಹೋಟೆಲಿಗೂ ಸಾಹಿತ್ಯಕ್ಕೂ ಇರುವ ನಂಟಿನ ಬಗ್ಗೆ ಲೆಕ್ಚರರ್ ಮೇಡಂ ಆಗಾಗ ನಮಗೆ ಧೈರ್ಯ ತುಂಬುತ್ತಾರೆ. ಗಾಂಧಿಬಜಾರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನಕ್ಕೆ ಸಾಹಿತಿಗಳು ದೋಸೆಗೆ ಬರುತ್ತಿದ್ದರು. ನಮ್ಮ ಮೈಸೂರಿನ ಕಾಫಿ ಹೌಸಿನಲ್ಲಿ ಅಡಿಗರು, ಅನಂತಮೂರ್ತಿ ಮುಂತಾದವರು ಗಂಟೆಗಟ್ಟಲೆ ಕೂತು ನವ್ಯವನ್ನು ಮಾತಾಡಿದರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆಯ ಅಟ್ಟಕ್ಕೆ ಹತ್ತಿಹೋದವರಲ್ಲಿ ಎಷ್ಟೋ ಮಂದಿ ಲೇಖಕರಾಗಿ ಇಳಿದರು. ಇದನ್ನೆಲ್ಲ ಕೇಳುವಾಗ ನಮ್ಮ ಟೇಬಲ್ಲೂ ಆ ಸಾಲಿನದೇ ಎಂಬ ಹೆಮ್ಮೆ ಬರುತ್ತದೆ. ಅವರು ಎದ್ದಾಗ ಒಂದು ಕವಿತೆಯೋ ನಾಟಕವೋ ಹುಟ್ಟಿರುತ್ತಿತ್ತು, ನಾವು ಎದ್ದಾಗ ಬಿಲ್ಲು. ಇನ್ನೊಂದು ಮಾತು, ಕಾಫಿ ಹೌಸಿನ ಆ ನೆನಪುಗಳನ್ನು ನಾನು ಎಷ್ಟು ಓದಿದರೂ ಅಲ್ಲಿ ಹೆಂಗಸರು ಅಪರೂಪ. ಅವರು ಮನೆಯಲ್ಲಿ ಅನ್ನಕ್ಕಿಟ್ಟು ಬಾಗಿಲು ನೋಡುತ್ತಿದ್ದರೋ ಏನೋ. ನವ್ಯರ ಕಾಫಿಯ ಬಗ್ಗೆ ನನಗಿರುವ ತಕರಾರು ಇಷ್ಟೇ.

ಎರಡು ವರ್ಷದ ಹಿಂದಿನ ಮಾತು. 'ಮಲೆಗಳಲ್ಲಿ ಮದುಮಗಳು' ಓದೋಣ ಎಂದು ತೀರ್ಮಾನವಾಯಿತು. ಕುವೆಂಪು ಅವರ 'ಉದಯರವಿ' ಇರುವುದು ನಮ್ಮ ಹೋಟೆಲಿಗೆ ನಡೆದು ಹೋಗುವಷ್ಟು ಹತ್ತಿರ, ಓದದಿದ್ದರೆ ಮರ್ಯಾದೆಯಲ್ಲ ಎಂದರು. ಏಳುನೂರು ಪುಟ ದಾಟುವ ಕಾದಂಬರಿ, ಒಂದು ತಿಂಗಳು ಸಾಲದು, ಎರಡು ತಿಂಗಳು ತಗೊಂಡೆವು. ಬ್ಯಾಂಕಿನವರು ಮಾತ್ರ ನಿಶ್ಚಿಂತರಾಗಿದ್ದರು. ರಂಗಾಯಣದವರು 2010ರಲ್ಲಿ ಅದನ್ನು ರಾತ್ರಿಯಿಡೀ, ಒಂಬತ್ತು ಗಂಟೆಗಳ ನಾಟಕವಾಗಿ ಆಡಿದಾಗ ಅವರು ಕಂಬಳಿ ಹೊದ್ದು ಬೆಳಗಿನ ತನಕ ಕೂತಿದ್ದರಂತೆ. "ಒಂಬತ್ತು ಗಂಟೆ ಸ್ವಾಮಿ! ಓದಿದ ಲೆಕ್ಕಕ್ಕೇ ಬರುತ್ತೆ" ಎಂದು ವಾದಿಸಿದರು. ಲೆಕ್ಕ ಅವರ ಇಲಾಖೆಯಾದ್ದರಿಂದ ಒಪ್ಪಿಕೊಂಡೆವು.

ನನ್ನ ಹತ್ತಿರ ಪುಸ್ತಕವಿರಲಿಲ್ಲ. ಅಕ್ಕನ ಮನೆಯ ಅಟ್ಟದಲ್ಲಿ ಭಾವನವರ ಕಾಲದ ಪ್ರತಿಯೊಂದು ಸಿಕ್ಕಿತು. ಹಿಡಿದೆತ್ತಿದರೆ ಬೆನ್ನು ಮುರಿದು ಮೂರು ಭಾಗವಾಗಿ ಕೈಗೆ ಬಂತು. ನನಗೆ ಅಳು, ಪಕ್ಕದ ಬೀದಿಯ ನಮ್ಮ ಬಳಗದ ಇಬ್ಬರು ಗೆಳತಿಯರಿಗೆ ಸಂತೋಷ. ಒಂದೇ ಪುಸ್ತಕವನ್ನು ಮೂರು ಜನ ಒಟ್ಟಿಗೇ ಓದಬಹುದಲ್ಲ! ಚೀಟಿ ಎತ್ತಿದೆವು. ನನ್ನ ಪಾಲಿಗೆ ಬಂದದ್ದು ಮೂರನೆಯ ಭಾಗ.

ನಡುದಾರಿಯಲ್ಲಿ ಬಸ್ಸು ಹತ್ತಿದವಳ ಹಾಗಾಯಿತು. ಯಾರು ಯಾರ ಮಗ, ಯಾವ ಮನೆ ಯಾವ ಗುಡ್ಡದ ಮೇಲೆ, ಯಾರು ಯಾರಿಂದ ಯಾಕೆ ತಪ್ಪಿಸಿಕೊಂಡು ಓಡುತ್ತಿದ್ದಾರೆ, ಒಂದೂ ತಿಳಿಯದು. ಗುತ್ತಿ ಜೀತದಾಳು, ತಿಮ್ಮಿ ಅವನು ಹಾರಿಸಿಕೊಂಡು ಬಂದ ಹುಡುಗಿ, ಹುಲಿಯ ಅವನ ನಾಯಿ ಎಂದು ಫೋನಿನಲ್ಲಿ ಕೇಳಿ ತಿಳಿದುಕೊಂಡೆ. "ಹುಲಿಯ ಅಂದ್ರೆ ಮನುಷ್ಯ ಅಂದ್ಕೊಂಡಿದ್ಯಾ?" ಎಂದು ಒಂದನೇ ಭಾಗದವಳು ನಕ್ಕಳು. ನಗು ಅಲ್ಲಿಗೇ ನಿಂತಿತು; ಏಕೆಂದರೆ ನನ್ನ ಭಾಗದಲ್ಲಿ ಹುಲಿಯ ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ಅದನ್ನು ಅವಳಿಗೆ ಹೇಳಲೋ ಬೇಡವೋ ತಿಳಿಯಲಿಲ್ಲ. ಅವಳ ಭಾಗದಲ್ಲಿ ಅದು ಇನ್ನೂ ಗುತ್ತಿಯ ಹಿಂದೆ ಮುಂದೆ ಓಡಾಡುತ್ತ, ಪೊದೆ ಮೂಸುತ್ತ ಆರಾಮವಾಗಿದೆ. "ಎಷ್ಟು ಚೆನ್ನಾಗಿದೆ ಕಣೇ ಆ ನಾಯಿ" ಅಂದಳು. "ಹೂಂ" ಅಂದೆ.

ಎರಡು ವಾರ ಕಳೆದು ಭಾಗಗಳು ಕೈ ಬದಲಾದವು. ನಾನು ಮೊದಲ ಭಾಗಕ್ಕೆ ಬಂದೆ. ಆ ನಾಯಿ ಒಂದೊಂದು ಸಲ ಬಾಲ ಅಲ್ಲಾಡಿಸಿದಾಗಲೂ ನನಗೆ ಮುಂದಿನ ಸಾಲು ಓದಲಾಗುತ್ತಿರಲಿಲ್ಲ. ಕಥೆಯನ್ನು ಕ್ರಮವಾಗಿ ಓದಿದವರಿಗೆ ಆ ಪುಟಗಳಲ್ಲಿ ಬರೀ ಒಂದು ನಾಯಿ ಇದೆ. ನನಗೆ ಅಲ್ಲಿ ಹೊಳೆಯ ಸದ್ದು ಕೇಳುತ್ತಿತ್ತು.

ಚರ್ಚೆಯ ದಿನ ರೂಮು ತುಂಬಿತ್ತು. ಕಾಲೇಜು ಹುಡುಗಿ ಜೀತದ ಬಗ್ಗೆ ಖಡಾಖಂಡಿತವಾಗಿ ಮಾತಾಡಿದಳು. ಗುತ್ತಿಯ ಧೈರ್ಯವನ್ನು ಮೆಚ್ಚುವ ನಾವು ಅವನ ದಣಿಗಳ ಮೇಲೆ ಯಾಕೆ ಇಷ್ಟು ಮೆತ್ತಗಿದ್ದೇವೆ ಎಂದು ಕೇಳಿದಳು. ಬ್ಯಾಂಕಿನವರು ನಾಟಕದಲ್ಲಿ ಹಾಗಿರಲಿಲ್ಲ ಎಂದರು. ದೋಸೆ ಬಂತು. ದೋಸೆಯನ್ನು ಅಂಚಿನಿಂದ ಸುತ್ತುತ್ತ ಬಂದು ಪಲ್ಯವನ್ನು ಕೊನೆಗೆ ಉಳಿಸಿಕೊಳ್ಳುವವರು, ಮೊದಲೇ ನಡುವಿಗೆ ಕೈ ಹಾಕಿ ಪಲ್ಯ ಮುಗಿಸುವವರು, ಎರಡು ಜಾತಿಯವರೂ ನಮ್ಮಲ್ಲಿದ್ದಾರೆ. ನಾನು ಮೊದಲನೆಯ ಜಾತಿ. ಅವತ್ತು ಎರಡನೆಯವರ ಮೇಲಿದ್ದ ತಾತ್ಸಾರ ಸ್ವಲ್ಪ ಕಮ್ಮಿಯಾಯಿತು.

ಔಷಧಿ ಅಂಗಡಿಯವರು ತಮ್ಮ ಪ್ರಶ್ನೆಗೆ ಗಂಟಲು ಸರಿಮಾಡಿಕೊಳ್ಳುವ ಮೊದಲೇ ನಾನು ಹುಲಿಯನ ವಿಷಯ ಎತ್ತಿದೆ. ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಲೆಕ್ಚರರ್ ಮೇಡಂ ಕನ್ನಡಕ ಏರಿಸಿ, "ಆ ಪುಟ ಓದಿಬಿಡ್ತೀನಿ ಇರಿ" ಎಂದರು. ಓದಿದರು. ಅಭಿನಯವಿಲ್ಲ, ಏರಿಳಿತವಿಲ್ಲ, ಹಾಜರಿ ಕೂಗುವ ಸಮದನಿ. ಓದಿಕೊಂಡು ಬಂದವರಿಗೂ ಬರದವರಿಗೂ ವ್ಯತ್ಯಾಸ ಅಳಿಸಿಹೋಯಿತು.

ನನಗೆ ತಾತನ ಊರಿನ ಜಗಲಿ ನೆನಪಾಯಿತು. ಮಳೆ ಕೈಕೊಟ್ಟ ವರ್ಷ ಅಲ್ಲಿ ವಿರಾಟಪರ್ವ ಓದಿಸುತ್ತಿದ್ದರು, ಓದಿಸಿದರೆ ಮಳೆಯಾಗುತ್ತದೆಂದು. ಒಬ್ಬರು ಕುಮಾರವ್ಯಾಸನನ್ನು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅರ್ಥ ಹೇಳುವುದು. ಕೇಳಲು ಕೂತವರಲ್ಲಿ ಅರ್ಧ ಜನಕ್ಕೆ ಅಕ್ಷರ ಬರುತ್ತಿರಲಿಲ್ಲ. ಓದಿಕೊಂಡು ಬಂದಿದ್ದೀಯಾ ಎಂದು ಅವರನ್ನು ಯಾರೂ ಕೇಳುತ್ತಿರಲಿಲ್ಲ. ಕೀಚಕನ ವಧೆಗೆ ಮಾತ್ರ ಎಲ್ಲರೂ ಬಂದು ಕೂರುತ್ತಿದ್ದರು. ಆಮೇಲೆ ಬೆಲ್ಲದ ಪಾನಕ, ಕೋಸಂಬರಿ. ತಿಂಡಿಯಿಲ್ಲದ ಸಾಹಿತ್ಯ ನಮ್ಮವರಿಗೆ ಆಗಲೂ ಒಗ್ಗುತ್ತಿರಲಿಲ್ಲ.

ಮೇಡಂ ಪುಟ ಮುಗಿಸಿ ತಲೆ ಎತ್ತಿದಾಗ ಸಪ್ಲಯರ್ ಹುಡುಗ ಬಾಗಿಲಲ್ಲಿ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ನಿಂತಿದ್ದ. ಕೇಳಿಸಿಕೊಳ್ಳುತ್ತಿದ್ದನೆಂದು ನಮಗೆಲ್ಲ ಕಣ್ಣು ತುಂಬಿ ಬಂತು. "ಐದೂ ಮೂವತ್ತೈದು ಮೇಡಂ" ಎಂದ.

ಬಿಲ್ಲಿಗಾಗಿ ಯಥಾಪ್ರಕಾರ ಜಟಾಪಟಿಯಾಯಿತು. ನಾನು ಕೊಡ್ತೀನಿ, ನಾನು ಕೊಡ್ತೀನಿ ಎಂದು ಎಲ್ಲರೂ ಕೈ ಚಾಚಿದ ಮೇಲೆ ತಲೆಗಿಷ್ಟು ಎಂದು ಹಂಚಿಕೊಂಡೆವು. ಲೆಕ್ಕ ಬರೆಯಲು ಹಾಳೆ ಸಿಗದೆ ಬ್ಯಾಂಕಿನವರು ನನ್ನ ಮೂರನೇ ಭಾಗದ ಕೊನೆಯ ಖಾಲಿ ಪುಟವನ್ನೇ ಬಳಸಿಕೊಂಡರು: ಮಸಾಲೆ ಹನ್ನೊಂದು, ಖಾಲಿ ಎರಡು, ಕಾಫಿ ಹದಿನಾಲ್ಕು, ಪಾರ್ಸೆಲ್ ಮದ್ದೂರು ವಡೆ ಎರಡು. ಪೆನ್ಸಿಲ್ ಗುರುತು ಇನ್ನೂ ಇದೆ. ಆ ಮೂರು ಭಾಗಗಳನ್ನು ಬೈಂಡ್ ಮಾಡಿಸೋಣವೆಂದು ಮನೆಯವರು ಎರಡು ಸಲ ಹೇಳಿದರು. ನಾನು ಬೇಡವೆಂದೆ.

ಮುಂದಿನ ಎರಡನೇ ಭಾನುವಾರದ ಪುಸ್ತಕ 'ಮೂಕಜ್ಜಿಯ ಕನಸುಗಳು'. ಆಸಕ್ತಿಯಿದ್ದವರು ಬನ್ನಿ, ಓದಿಕೊಂಡೇ ಬರಬೇಕೆಂದಿಲ್ಲ. ಎರಡನೇ ಸಲ ಸಾಂಬಾರ್ ಮಾತ್ರ ಹಾಕಿಸಿಕೊಳ್ಳಬೇಡಿ.