ರಿಸೋ ಮಾಣಿ

ಮೊದಲೆಲ್ಲ ಬೆಂಗಳೂರು ಬಿಟ್ಟು ಊರಿಗೆ ಬಂದ ಮಾಣಿ ಜೇನು ಸಾಕುತ್ತಿದ್ದ, ಇಲ್ಲಾ ಹೋಂಸ್ಟೇ ತೆರೆಯುತ್ತಿದ್ದ. ಈಗಿನವನು ವರ್ಕ್‌ಶಾಪ್ ಮಾಡುತ್ತಾನೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲಿ ಹುಡುಕಿದರೂ ಇಂಥವನೊಬ್ಬ ಸಿಕ್ಕಾನು: ದುಂಡು ಕನ್ನಡಕ, ಕೈಮಗ್ಗದ ಅಂಗಿ, ಎಷ್ಟು ತೊಳೆದರೂ ಹೋಗದ ಗುಲಾಬಿ ಮಸಿ ಬೆರಳಿಗೆ. "ಹೆಗ್ಗೋಡಿಗೆ ನೀನಾಸಂ ಇದೆ, ಕುಪ್ಪಳಿಗೆ ಕುವೆಂಪು ಇದ್ದಾರೆ. ಹೊಸನಗರಕ್ಕೆ ಏನಿದೆ?" ಎನ್ನುತ್ತಾನೆ. ಕೊಡಚಾದ್ರಿಯೂ ಬಿದನೂರು ಕೋಟೆಯೂ ಅವನ ಲೆಕ್ಕಕ್ಕಿಲ್ಲ. ಅವನ ಉತ್ತರ ರಿಸೋಗ್ರಾಫ್.

1946ರಲ್ಲಿ ಹುಟ್ಟಿದ ಜಪಾನಿನ ರಿಸೋ ಕಂಪನಿ 1980ರ ದಶಕದಲ್ಲಿ ಹೊರತಂದ ಯಂತ್ರ ಇದು. ನೋಡಲು ಜೆರಾಕ್ಸ್, ವಂಶ ಸೈಕ್ಲೋಸ್ಟೈಲಿನದು. ತೆಳ್ಳನೆಯ ಮಾಸ್ಟರ್ ಹಾಳೆಗೆ ಬಿಸಿಯಿಂದ ಸಣ್ಣ ಸಣ್ಣ ತೂತು ಕೊರೆದು ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಮಸಿ ಆ ತೂತುಗಳಿಂದ ಕಾಗದಕ್ಕೆ ಇಳಿಯುತ್ತದೆ. ಒಂದು ಡ್ರಮ್ಮಿಗೆ ಒಂದೇ ಬಣ್ಣ. ಶಾಲೆ, ಆಫೀಸುಗಳಲ್ಲಿ ಅಗ್ಗವಾಗಿ ನೂರಾರು ಪ್ರತಿ ತೆಗೆಯಲೆಂದೇ ಮಾಡಿದ್ದು. ಮಾಣಿ ತಂದಿದ್ದೂ ಯಾವುದೋ ಟ್ಯುಟೋರಿಯಲ್‌ನವರು ಪ್ರಶ್ನೆಪತ್ರಿಕೆ ಒತ್ತಿ ಒತ್ತಿ ಮಾರಿದ್ದನ್ನು. ಅಪ್ಪಯ್ಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಈ ದುಡ್ಡಿಗೆ ಅಡಕೆ ಸುಲಿಯೋ ಮಿಷನ್ನೇ ಬತ್ತಿತ್ತಲೋ" ಅಂದರು.

ವರ್ಕ್‌ಶಾಪು ಜಗಲಿಯಲ್ಲಿ. ಬೆಳಿಗ್ಗೆ ಲ್ಯಾಪ್‌ಟಾಪು. ಪೋಸ್ಟರಿಗೆ 'ತೀರ್ಥಹಳ್ಳಿ' ಎಂದು ಕುಟ್ಟಿದರೆ ಡಿಸೈನ್ ಸಾಫ್ಟ್‌ವೇರಿನಲ್ಲಿ ಅರ್ಕಾವತ್ತು ಹಿಸೆಯಾದವರ ಹಾಗೆ ದೂರ ಹೋಗಿ ಕೂರುತ್ತದೆ. ಅದನ್ನು ಸೇರಿಸುವಷ್ಟರಲ್ಲಿ ಎರಡನೇ ಸಲ ಚಾ ಆಗಿರುತ್ತದೆ. ಆಮೇಲೆ ಬಣ್ಣ. ಹುಡುಗಿಯೊಬ್ಬಳು ಅರ್ಧ ಗಂಟೆ ಹುಡುಕಿ ಒಂದು ಅರಿಶಿನ ಆರಿಸಿದಳು. ಮಾಣಿ ಮೆಚ್ಚಿ, "ಸೂಪರ್. ಈಗ ಇದನ್ನ ಕಪ್ಪು ಮಾಡು" ಅಂದ. ಯಂತ್ರಕ್ಕೆ ಕಾಣುವುದು ಕಪ್ಪು, ಬೂದು ಮಾತ್ರ. ಒಂದೊಂದು ಬಣ್ಣದ ಪದರವನ್ನೂ ಕಪ್ಪಿನಲ್ಲೇ ಕೊಡಬೇಕು, ಬಣ್ಣ ಬರುವುದು ಡ್ರಮ್ಮಿಂದ. "ಹಂಗಾರೆ ಇಷ್ಟೊತ್ತು ಆರ್ಸಿದ್ದು ಎಂತಕ್ಕೆ?" ಎಂದು ಅವಳು ಕೇಳುವಷ್ಟರಲ್ಲಿ ಕರೆಂಟು ಹೋಯಿತು. ಮಾಣಿ ಬಚಾವ್.

ಮಧ್ಯಾಹ್ನದ ಮೇಲೆ ಮುದ್ರಣ. ಮೊದಲು ಗುಲಾಬಿ, ಡ್ರಮ್ ಬದಲಿಸಿ ನೀಲಿ. ಮಲೆನಾಡಿನ ಥಂಡಿಗೆ ಸೊಟ್ಟಗಾದ ಕಾಗದ ಎರಡನೇ ಸುತ್ತಿನಲ್ಲಿ ಒಂದಿಷ್ಟು ಜರುಗಿ, ನೀಲಿ ತನಗೆ ತೋಚಿದಲ್ಲಿ ಬೀಳುತ್ತದೆ. "ಇದೇ ಇದರ ಬ್ಯೂಟಿ" ಎನ್ನುತ್ತಾನೆ ಮಾಣಿ. ಪೇಟೆಯ ಪ್ರೆಸ್ಸಿನ ಯಜಮಾನರು ಇದನ್ನು ಬಾಯಿಬಿಟ್ಟುಕೊಂಡು ಕೇಳಿದರು. ಮದುವೆ ಕಾಗದದಲ್ಲಿ ಗಣಪತಿಯ ಕೆಂಪು ಗೆರೆಯಾಚೆ ಹೋಯಿತೆಂದು ಬೈಸಿಕೊಂಡು, ದುಡ್ಡು ಬಿಟ್ಟುಕೊಟ್ಟೇ ಬದುಕಿದವರು ಅವರು. ಹಸೆ ಚಿತ್ತಾರ ಹೇಳಿಕೊಡಲು ಕರೆಸಿದ್ದ ದೀವರ ಅಮ್ಮ ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿಗೆ ಅದ್ದಿ, ಸ್ಕೇಲಿಲ್ಲದೆ, ಕೆಮ್ಮಣ್ಣಿನ ಮೇಲೆ ಗೆರೆಯ ಪಕ್ಕ ಗೆರೆ ಎಳೆಯುತ್ತಾ ಕೂತಿದ್ದರು. ತಲೆಯೆತ್ತಿ ಪೋಸ್ಟರ್ ನೋಡಿದರು.

"ಇಷ್ಟು ಸೊಟ್ಟ ಹೋಗಾಕೆ ಮಿಷನ್ ಬೇಕಾ ತಮಾ?"

ಮಾಣಿ ಇದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಮುಂದಿನ ವರ್ಕ್‌ಶಾಪಿಗೆ ಟ್ಯಾಗ್‌ಲೈನ್ ಆಯಿತಂತೆ.

ಒಂದು ಮಾಸ್ಟರಿನಿಂದ ಹತ್ತಿಪ್ಪತ್ತು ಪ್ರತಿ ತೆಗೆದರೆ ಹಾಳೆಗೆ ಬೀಳುವ ಖರ್ಚು ಜಾಸ್ತಿ, ನೂರಾರು ತೆಗೆದರೆ ಏನೂ ಅಲ್ಲ. ಮಾಣಿ ಮಾತ್ರ ಇಪ್ಪತ್ತಕ್ಕೆ ನಿಲ್ಲಿಸಿ, ನಂಬರ್ ಹಾಕಿ, 'ಲಿಮಿಟೆಡ್ ಎಡಿಷನ್' ಎನ್ನುತ್ತಾನೆ. ಈ ಲೆಕ್ಕ ಹಿಡಿದವರು ಅಪ್ಪಯ್ಯ. ಯಕ್ಷಗಾನದ ಕರಪತ್ರ ಐನೂರು ಬೇಕೆಂದು ಬಂದವರನ್ನು ಅವರೇ ಒಳಗೆ ಕರೆದು, ಕವಳದ ಹರಿವಾಣ ಮುಂದಿಟ್ಟು, ಮುಂಗಡವನ್ನೂ ಇಸಿದುಕೊಂಡರು. ಬಂದವರದು ಒಂದೇ ಷರತ್ತು:

"ಬಣ್ಣ ಎತ್ಲಾಗಾದ್ರೂ ಹೋಗ್ಲಿ. ಅಧ್ಯಕ್ಷರಿಗೆ ಮಾತ್ರ ಎರಡು ಮೂಗು ಬರಬಾರ್ದು."