ಕಾರಿನ ಚೀಟಿ

ಪಕ್ಕದ ಮನೆ ರಾಯರ ಮಗ ಫೋಕ್ಸ್‌ವ್ಯಾಗನ್ ತಂದ. ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು, ಮುಂದಕ್ಕೆ ಸೇವಂತಿಗೆ ಹಾರ, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮದಲ್ಲಿ ಅಂಗೈಯಗಲದ ಸ್ವಸ್ತಿಕ. ಕಾಂಪೌಂಡಿನ ಈಚೆ ಗಿಡಕ್ಕೆ ನೀರು ಹಾಕುತ್ತಿದ್ದ ನನಗೆ ನಗು ತಡೆಯಲಾಗಲಿಲ್ಲ.

"ಯಾಕ್ರೀ ನಗ್ತೀರಿ?" ಅಂದರು ರಾಯರು.

"ಈ ಕಂಪನಿಗೆ ಆ ಗುರುತು ಹೊಸದಲ್ಲ, ಅದಕ್ಕೆ."

"ನಮ್ಮದು ಶುಭದ ಗುರುತು ಕಣ್ರೀ, ಹಿಟ್ಲರನದೇ ಬೇರೆ" ಎನ್ನುತ್ತ ರಾಯರು ಗೋಡೆಗೆ ಮೊಣಕೈ ಊರಿದರು. ಅವರು ಮೊಣಕೈ ಊರಿದರೆ ಒಳಗೆ ಕಾಫಿ ಆರಿತೆಂದೇ ಲೆಕ್ಕ.

ಅವರ ಮಾತು ಸರಿಯೇ. ಆದರೆ 1938ರ ಮೇ 26ರಂದು ಫಾಲರ್ಸ್‌ಲೇಬೆನ್ ಪಕ್ಕದ ಬಯಲಲ್ಲಿ ಈ ಕಾರ್ಖಾನೆಗೆ ಹಿಟ್ಲರನೇ ಅಡಿಗಲ್ಲು ಹಾಕಿದಾಗ ಸುತ್ತಲೂ ಹಾರಾಡುತ್ತಿದ್ದದ್ದು ಅವನ ಸ್ವಸ್ತಿಕ. ಕಾರಿನ ವಿನ್ಯಾಸ ಫರ್ಡಿನಾಂಡ್ ಪೋರ್ಶೆಯದು. ದುಡ್ಡು ಹೊಂದಿಸಿದ್ದು ನಾಜಿಗಳ ಕಾರ್ಮಿಕ ಸಂಸ್ಥೆ. 1933ರಲ್ಲಿ ನಿಜವಾದ ಕಾರ್ಮಿಕ ಸಂಘಗಳಿಗೆ ಬೀಗ ಜಡಿದು ಕಿತ್ತುಕೊಂಡ ಆಸ್ತಿಯೂ ಅದರಲ್ಲಿತ್ತು. ಸಂಘದವರ ದುಡ್ಡಲ್ಲಿ ಸಂಘವೇ ಇಲ್ಲದ ಕಾರ್ಖಾನೆ.

"ಜನ ಕಾರು ಕೊಳ್ಳೋಕೆ ಒಂದು ಚೀಟಿ ಬೇರೆ ಮಾಡಿದ್ರು" ಎಂದೆ. ಚೀಟಿ ಎಂಬ ಮಾತು ಕಿವಿಗೆ ಬಿದ್ದದ್ದೇ ಆರತಿ ತಟ್ಟೆ ಹಿಡಿದಿದ್ದ ರಾಯರ ಹೆಂಡತಿ ಕಮಲಮ್ಮನವರು ಈ ಕಡೆ ತಿರುಗಿದರು. ನಮ್ಮ ಬೀದಿಯ ಚೀಟಿ ನಡೆಸುವವರು ಅವರೇ.

"ವಾರವಾರ 5 ಮಾರ್ಕಿನ ಸ್ಟಾಂಪು ಕೊಂಡು ಪುಸ್ತಕಕ್ಕೆ ಅಂಟಿಸಬೇಕು. 990 ಮಾರ್ಕ್ ತುಂಬಿದ್ರೆ ಕಾರು."

"ನೂರ ತೊಂಬತ್ತೆಂಟು ವಾರ" ಎಂದರು, ಬಾಯಿಲೆಕ್ಕದಲ್ಲೇ. "ಬಡ್ಡಿ?"

"ಇಲ್ಲ."

"ಮಧ್ಯದಲ್ಲಿ ಬಿಟ್ಟುಬಿಡಬಹುದಾ?"

"ಅದೂ ಇಲ್ಲ."

"ಎಷ್ಟು ಜನ ಸೇರಿದ್ರು?"

"ಹತ್ತಿರ ಹತ್ತಿರ 3,36,000."

"ಎಷ್ಟು ಜನಕ್ಕೆ ಕಾರ್ ಬಂತು?"

"ಒಬ್ಬರಿಗೂ ಬರಲಿಲ್ಲ."

ಕಮಲಮ್ಮ ತಟ್ಟೆಯನ್ನು ಗೋಡೆಯ ಮೇಲಿಟ್ಟುಬಿಟ್ಟರು. ತಿಂಗಳ ಏಳನೇ ತಾರೀಖು ತಪ್ಪದೆ ಎಲ್ಲರ ದುಡ್ಡು ಎಣಿಸಿ ಕೊಡುವವರು. "ಹಂಗೂ ಚೀಟಿ ನಡೆಸ್ತಾರೇನ್ರೀ!" ಎಂದು ಗೊಣಗಿ, ಮತ್ತೆ ತಟ್ಟೆ ಎತ್ತಿಕೊಂಡು ಕಾರಿನ ಕಡೆ ಹೋದರು.

1939ರಲ್ಲಿ ಯುದ್ಧ ಶುರುವಾಯಿತು. ಕಾರ್ಖಾನೆಯಿಂದ ಹೊರಬಿದ್ದದ್ದು ಸೈನ್ಯದ ಗಾಡಿಗಳು. ದುಡಿದವರು ಪೋಲೆಂಡ್, ಸೋವಿಯತ್ ಕಡೆಯಿಂದ ಹಿಡಿದು ತಂದವರು, ಸೆರೆಶಿಬಿರದ ಕೈದಿಗಳು. ಇನ್ನೊಂದು ಸಂಗತಿಯನ್ನು ಆರತಿ ತಟ್ಟೆಯ ಮುಂದೆ ಹೇಳಲು ನಾಲಿಗೆ ಏಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಹಾಗೆ ಹಿಡಿದು ತಂದ ಹೆಂಗಸರ ಹಸುಗೂಸುಗಳನ್ನು ಕಿತ್ತುಕೊಂಡು ರ್ಯೂನ್ ಎಂಬಲ್ಲಿ ಕೂಡಿಹಾಕಿದ್ದರು. ನೂರಾರು ಕೂಸುಗಳು ಅಲ್ಲೇ ತೀರಿಹೋದವು. ಹೊಣೆಗಾರನಾಗಿದ್ದ ಕಾರ್ಖಾನೆಯ ವೈದ್ಯನನ್ನು ಬ್ರಿಟಿಷರು 1947ರಲ್ಲಿ ಗಲ್ಲಿಗೇರಿಸಿದರು.

"ಇಷ್ಟೆಲ್ಲ ಆದಮೇಲೂ ಆ ಕಾರನ್ನ ಕೊಂಡವರು ಯಾರ್ರೀ?" ಎಂದರು ರಾಯರು.

"ಕೊಂಡವರೇನು, ಮುದ್ದು ಮಾಡಿದ್ರು. ಅದೂ ಅಮೆರಿಕದಲ್ಲಿ." 1959ರಲ್ಲಿ ನ್ಯೂಯಾರ್ಕಿನ ಒಂದು ಜಾಹೀರಾತು ಕಂಪನಿ, ಪುಟದ ತುಂಬ ಬಿಳಿ ಜಾಗ ಬಿಟ್ಟು ಮೂಲೆಯಲ್ಲಿ ಜೀರುಂಡೆಯಷ್ಟು ಪುಟಾಣಿ ಕಾರನ್ನಿಟ್ಟು, ಸಣ್ಣದೇ ಸಾಕು ಎಂಬ ಧಾಟಿಯಲ್ಲಿ ತಮಾಷೆಯಾಗಿ ಮಾತಾಡಿತು. ಆ ಕಂಪನಿಯ ಮುಖ್ಯಸ್ಥ ವಿಲಿಯಂ ಬರ್ನ್‌ಬಾಕ್ ಯಹೂದಿ! ಮುಂದೆ 1968ರಲ್ಲಿ ಡಿಸ್ನಿಯವರ ಸಿನಿಮಾದಲ್ಲಿ ಅದೇ ಕಾರು ಹೀರೋ. ಹಿಪ್ಪಿಗಳು ಮೈತುಂಬ ಹೂ ಬರೆದುಕೊಂಡು ಓಡಿಸಿದರು.

"ಸೀಗೆಪುಡಿ ಹಾಕಿ ತಲೆಗೆ ನೀರು ಹಾಕಿದ ಹಾಗಾಯ್ತು" ಎಂದರು ರಾಯರು. "ಹಾಗಾದ್ರೆ ಅಮೆರಿಕದ ಕಾರೇ ಮೇಲು ಅನ್ನಿ."

ಅದೂ ಹೇಳುವಂತಿಲ್ಲ. ಹೆನ್ರಿ ಫೋರ್ಡ್ ತನ್ನ ಪತ್ರಿಕೆಯಲ್ಲಿ ಯಹೂದಿಗಳ ಮೇಲೆ ವಾರವಾರ ವಿಷ ಕಾರಿ, ಅದನ್ನು ಕಾರಿನ ಡೀಲರುಗಳ ಕೈಲೇ ಹಂಚಿಸಿದವನು. 1927ರಲ್ಲಿ ಕ್ಷಮೆ ಕೇಳಿದ. 1938ರಲ್ಲಿ, ತನ್ನ 75ನೇ ಹುಟ್ಟುಹಬ್ಬಕ್ಕೆ, ಹಿಟ್ಲರ್ ಸರ್ಕಾರದ ಪದಕಕ್ಕೆ ಎದೆಯೊಡ್ಡಿದ. ಫೋರ್ಡ್ ಬೇಡವೇ ಬೇಡ ಎಂದು ಪಟ್ಟು ಹಿಡಿದ ಯಹೂದಿ ಮನೆಗಳಲ್ಲಿ ಆ ಪಟ್ಟು ಮಕ್ಕಳ ಕಾಲಕ್ಕೂ ಸಡಿಲಲಿಲ್ಲ.

"ನನ್ನ ಹಳೇ ಪದ್ಮಿನಿನೇ ವಾಸಿ."

"ಅದರ ತೌರುಮನೆ ಇಟಲಿಯ ಫಿಯೆಟ್ ಅಲ್ವಾ? ಮುಸೊಲಿನಿ ಕಾಲದಲ್ಲಿ, 1932ರಲ್ಲಿ, ಅವರೊಂದು ಕಾರಿಗೆ ಬಲಿಲ್ಲಾ ಅಂತ ಹೆಸರಿಟ್ಟರು. ಫ್ಯಾಸಿಸ್ಟರ ಹುಡುಗರ ಪಡೆಯ ಹೆಸರೂ ಅದೇ."

ರಾಯರಿಗೆ ರೇಗಿತು. ಆಡುಗೋಡಿಯ ಮೈಕೋದಲ್ಲಿ, ಅಂದರೆ ಬಾಷ್ ಕಂಪನಿಯಲ್ಲಿ, ದುಡಿದು ನಿವೃತ್ತರಾದವರು. "ಬಾಷ್ ಬಗ್ಗೆ ಮಾತ್ರ ಏನೂ ಅನ್ನಬೇಡಿ. ರಾಬರ್ಟ್ ಬಾಷ್ ಹಿಟ್ಲರನ ವಿರೋಧಿಗಳಿಗೆ ಗುಟ್ಟಾಗಿ ದುಡ್ಡು ಕೊಟ್ಟವರು."

ನಿಜ. ಗೋರ್ಡೆಲರ್ ಎಂಬ ವಿರೋಧಿ ನಾಯಕನಿಗೆ ಬಾಷ್ ಕಂಪನಿಯೇ ಆಸರೆ. ಅದೇ ಕಂಪನಿಯ ಕಾರ್ಖಾನೆಗಳಲ್ಲಿ ಬಲವಂತದ ಆಳುಗಳು ದುಡಿದದ್ದೂ ನಿಜ. ಎರಡನೆಯದನ್ನು ನಾನು ಹೇಳಬೇಕಾಗಲಿಲ್ಲ. ರಾಯರೇ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಗೊತ್ತು" ಎಂದರು. ಮೊಣಕೈಗೆ ಅಂಟಿದ್ದ ಸುಣ್ಣ ಒರೆಸಿಕೊಂಡರು.

ಆರತಿ ಮುಗಿಸಿದ ಕಮಲಮ್ಮನಿಗೆ ಮಾತ್ರ ಚೀಟಿಯದೇ ಚಿಂತೆ. "ಕೊನೆಗೆ ಆ ಜನ ಏನ್ ಮಾಡಿದ್ರು?"

"ಕೋರ್ಟಿಗೆ ಹೋದ್ರು. 1961ರವರೆಗೂ ಎಳೀತು. ಆಮೇಲೆ 100 ಮಾರ್ಕ್ ನಗದು, ಇಲ್ಲಾಂದ್ರೆ ಹೊಸ ಕಾರು ಕೊಂಡ್ರೆ 600 ಮಾರ್ಕ್‌ವರೆಗೆ ರಿಯಾಯಿತಿ ಅಂತ ರಾಜಿಯಾಯ್ತು."

"ಹೊಸ ಕಾರು ಅಂದ್ರೆ, ಅದೇ ಕಂಪನೀದಾ?"

"ಅದೇ ಕಂಪನೀದು."

ಕಮಲಮ್ಮ ಬೆರಳು ಮಡಿಸಿ ಏನೋ ಎಣಿಸಿದರು. "ಆರ್ನೂರು ಬಿಡ್ತಾರೆ ಅಂದ್ರೆ ತಗೊಂಡಿರ್ತಾರೆ ಬಿಡಿ" ಎಂದು, ಮಗನ ಕಡೆ ತಿರುಗಿ ಗಾಡಿ ಮುಂದಕ್ಕೆ ಬಿಡೋ ಎಂದರು. ನಿಂಬೆಹಣ್ಣುಗಳು ಪಚಕ್ಕೆಂದವು.