ಸೂಟು ಮೊದಲು, ಪಾಠ ಆಮೇಲೆ

ಅಮೆರಿಕದ ಯಾವ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋದರೂ ಈ ಹುಡುಗನನ್ನು ಗುರುತಿಸುವುದು ಕಷ್ಟವಲ್ಲ. ವಯಸ್ಸು ಹತ್ತೊಂಬತ್ತು, ಓದು ಎರಡನೇ ವರ್ಷದ್ದು. ಉಳಿದವರು ಚಪ್ಪಲಿ ಮೆಟ್ಟಿಕೊಂಡು ಬೆಳಗಿನ ಕ್ಲಾಸಿಗೆ ಓಡುವ ಹೊತ್ತಿಗೆ ಇವನು ಹಾಸ್ಟೆಲ್ ಕೋಣೆಯಲ್ಲಿ ನೀಲಿ ಸೂಟು ತೊಟ್ಟು ಲ್ಯಾಪ್‌ಟಾಪಿನ ಕ್ಯಾಮೆರಾದತ್ತ ಮುಗುಳ್ನಗುತ್ತಿರುತ್ತಾನೆ. ಸೂಟು ಸೊಂಟದ ಮೇಲಕ್ಕೆ ಮಾತ್ರ, ಕೆಳಗೆ ಚಡ್ಡಿಯೇ. ಅತ್ತ ಕಡೆ ಯಾರೂ ಇಲ್ಲ. ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ, ಯೋಚಿಸಲು ಅರ್ಧ ನಿಮಿಷ ಸಿಗುತ್ತದೆ, ಆಮೇಲೆ ತನ್ನ ಮುಖವನ್ನೇ ನೋಡುತ್ತ ತನ್ನನ್ನೇ ಹೊಗಳಿಕೊಳ್ಳಬೇಕು. ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಎಂದರೆ ತನಗೆ ಚಿಕ್ಕಂದಿನಿಂದಲೂ ಪ್ರಾಣ ಎನ್ನುತ್ತಾನೆ. ಚಿಕ್ಕಂದು ಮುಗಿದದ್ದು ಯಾವಾಗ ಎಂದು ಕೇಳುವವರಿಲ್ಲ. ಕಂಪನಿಗಳನ್ನು ಕೊಳ್ಳುವವರಿಗೆ, ಮಾರುವವರಿಗೆ, ಎರಡನ್ನು ಒಂದಾಗಿಸುವವರಿಗೆ ಸಲಹೆ ಕೊಡುವುದು ಆ ಉದ್ಯೋಗ. ಇವನು ಇದುವರೆಗೆ ಮಾರಿದ್ದು ಹಳೆಯ ಪಠ್ಯಪುಸ್ತಕ, ಒಂದಾಗಿಸಿದ್ದು ರೂಮ್‌ಮೇಟಿನ ಜೊತೆ ನೆಟ್‌ಫ್ಲಿಕ್ಸ್ ಖಾತೆ. ಇವನನ್ನು ನೋಡಿ ನಗುವುದು ಸುಲಭ, ನಗಬಹುದು ಕೂಡ. ಆದರೆ ಈ ವೇಷ ಹೊಲಿಸಿದ್ದು ಇವನಲ್ಲ, ಬ್ಯಾಂಕುಗಳ ಕ್ಯಾಲೆಂಡರು. ಏನೂ ಕಲಿಯುವ ಮೊದಲೇ ಒಬ್ಬನನ್ನು ಆರಿಸಲು ಹೊರಟರೆ ಅವನ ತಿಳಿವಳಿಕೆಯನ್ನು ಅಳೆಯಲಾಗುವುದಿಲ್ಲ, ತಿಳಿದವನ ನಟನೆಯನ್ನಷ್ಟೇ ಅಳೆಯಬಹುದು.

ಕ್ಯಾಲೆಂಡರು ನಡೆಯುವುದು ಹೀಗೆ. ವಾಲ್‌ಸ್ಟ್ರೀಟಿನ ಬ್ಯಾಂಕುಗಳು ಮೂರನೇ ವರ್ಷ ಮುಗಿಸಿದ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಸುಮಾರು ಹತ್ತು ವಾರ ಇಂಟರ್ನ್ ಆಗಿ ದುಡಿಸಿ, ಹಿಡಿಸಿದವರಿಗೆ ಕಾಯಂ ಕೆಲಸ ಕೊಡುತ್ತವೆ. ಆ ಕೆಲಸದ ಮೂಲ ಸಂಬಳ ವರ್ಷಕ್ಕೆ 1,10,000 ಡಾಲರಿನ ಆಸುಪಾಸು, ಬೋನಸ್ ಬೇರೆ. ಪದವಿ ಮುಗಿಸಿ ನೇರವಾಗಿ ನುಗ್ಗುವುದು ಕಷ್ಟ, ಆದ್ದರಿಂದ ಇಂಟರ್ನ್‌ಶಿಪ್ಪೇ ಹೆಬ್ಬಾಗಿಲು. ಹಿಂದೆ ಅದರ ಆಯ್ಕೆ ನಡೆಯುತ್ತಿದ್ದುದು ಮೂರನೇ ವರ್ಷದಲ್ಲಿ. ಈಗ ಎರಡನೇ ವರ್ಷದ ಚಳಿಗಾಲದಲ್ಲೇ ಅರ್ಜಿ ಕರೆಯುತ್ತಾರೆ, ಅಂದರೆ ಇಂಟರ್ನ್‌ಶಿಪ್ಪಿಗೆ ಒಂದೂವರೆ ವರ್ಷ ಮೊದಲು. ಕಾರ್ಪೊರೇಟ್ ಫೈನಾನ್ಸಿನ ಪಾಠವನ್ನು ಅನೇಕರು ಅಷ್ಟರಲ್ಲಿ ಮುಟ್ಟಿಯೇ ಇರುವುದಿಲ್ಲ. ಇನ್ನು ನೂಕುನುಗ್ಗಲು: 2025ರ ಬೇಸಿಗೆಗೆ ಗೋಲ್ಡ್‌ಮನ್ ಸ್ಯಾಕ್ಸ್‌ನ ಸುಮಾರು 2,600 ಇಂಟರ್ನ್ ಜಾಗಗಳಿಗೆ ಜಗತ್ತಿನಾದ್ಯಂತ ಬಂದ ಅರ್ಜಿಗಳು ಸುಮಾರು 3,60,000. ನೂರರಲ್ಲಿ ಒಬ್ಬರಿಗೂ ಜಾಗ ಸಿಗುವುದಿಲ್ಲ.

ಗೊತ್ತಿಲ್ಲದವನು ಗೊತ್ತಿರುವವನಂತೆ ಮಾತಾಡಲು ಬೇಕಾದ ಸರಕೆಲ್ಲ ಮಾರಾಟಕ್ಕಿದೆ. ನಾನೂರು ಪ್ರಶ್ನೆಗಳ ಗೈಡು ಕೊಂಡರಾಯಿತು. ಅಲ್ಲಿನ ಸುಪ್ರಸಿದ್ಧ ಪ್ರಶ್ನೆ ಸವಕಳಿಯದು: ಸವಕಳಿ 10 ಡಾಲರ್ ಹೆಚ್ಚಿದರೆ ಕಂಪನಿಯ ಲೆಕ್ಕಪತ್ರದಲ್ಲಿ ಏನಾಗುತ್ತದೆ? ತೆರಿಗೆ ಶೇ 20 ಎಂದಿಟ್ಟುಕೊಂಡರೆ ನಿವ್ವಳ ಲಾಭ 8 ಡಾಲರ್ ಇಳಿಯುತ್ತದೆ. ಸವಕಳಿಗೆ ನಗದು ಖರ್ಚಾಗದ ಕಾರಣ ಆ 10ನ್ನು ಮರಳಿ ಕೂಡಿಸಿದರೆ ನಗದು 2 ಡಾಲರ್ ಏರುತ್ತದೆ. ನಮ್ಮ ಹುಡುಗ ಇದನ್ನು ನಿದ್ದೆಯಲ್ಲೂ ಒಪ್ಪಿಸುತ್ತಾನೆ. 10ರ ಬದಲು 15 ಎಂದರೆ ಮಾತ್ರ ಎಚ್ಚರವಾಗುತ್ತದೆ. ಆಮೇಲೆ ಕಾಫಿ ಚಾಟ್. ಬ್ಯಾಂಕಿನಲ್ಲಿರುವ ಹಳೆಯ ವಿದ್ಯಾರ್ಥಿಯ ಜೊತೆ ಕಾಲು ಗಂಟೆ ಮಾತು, ಅದೂ ಹೆಚ್ಚಾಗಿ ಫೋನಿನಲ್ಲಿ, ಆದ್ದರಿಂದ ಕಾಫಿ ಇರುವುದಿಲ್ಲ. ನಿಮ್ಮ ಬ್ಯಾಂಕಿನ ವಾತಾವರಣ ಹೇಗಿದೆ ಎಂದು ಇವನು ಕೇಳುತ್ತಾನೆ. ಹಿಂದಿನ ರಾತ್ರಿ ಎರಡು ಗಂಟೆಗೆ ಮನೆ ಸೇರಿದ್ದ ಆತ ಜನ ತುಂಬ ಒಳ್ಳೆಯವರು ಎನ್ನುತ್ತಾನೆ. ಒಂದು ದಿನದೊಳಗೆ ಧನ್ಯವಾದದ ಮೇಲ್ ಹೋಗಬೇಕು. ಯಾರ ಜೊತೆ ಯಾವಾಗ ಮಾತಾಡಿದೆ, ಮತ್ತೆ ಯಾವಾಗ ಮೇಲ್ ಕಳಿಸಬೇಕು, ಯಾರು ನಾಯಿ ಸಾಕಿದ್ದಾರೆ, ಎಲ್ಲಕ್ಕೂ ಎಕ್ಸೆಲ್‌ನಲ್ಲಿ ಒಂದೊಂದು ಕಾಲಮ್ಮು. ಕಾಲೇಜಿನ ಇನ್ವೆಸ್ಟ್‌ಮೆಂಟ್ ಕ್ಲಬ್ಬಿಗೆ ಸೇರುವುದಕ್ಕೂ ಸಂದರ್ಶನಗಳಿವೆ. ಅಲ್ಲಿ ಇಪ್ಪತ್ತರವನು ಹದಿನೆಂಟರವಳನ್ನು ‘ನೀನು ಸೋತ ಒಂದು ಸಂದರ್ಭ ಹೇಳು’ ಎಂದು ಗಂಭೀರವಾಗಿ ಕೇಳುತ್ತಾನೆ. ಅಲ್ಲಿ ಆಯ್ಕೆಯಾಗದಿದ್ದರೆ ಮುಂದಿನ ಕ್ಲಬ್ಬಿನ ಸಂದರ್ಶನಕ್ಕೆ ಆ ಪ್ರಶ್ನೆಯ ಉತ್ತರ ಸಿಕ್ಕಂತಾಯಿತು. ಇಷ್ಟೆಲ್ಲ ಒಂದೇ ಪುಟದ ರೆಸ್ಯೂಮೆಗೆ ಇಳಿಯುವಾಗ, ಹಾಸ್ಟೆಲಿನಲ್ಲಿ ಪಿಜ್ಜಾಕ್ಕೆ ಚಂದಾ ಎತ್ತಿದ್ದು ಬಹುಪಕ್ಷೀಯ ನಿಧಿ ನಿರ್ವಹಣೆ ಎನ್ನಿಸಿಕೊಳ್ಳುತ್ತದೆ.

ಬ್ಯಾಂಕಿನ ಕಡೆಯವರು ಇದಕ್ಕೊಂದು ಸಮರ್ಥನೆ ಕೊಡಬಹುದು: ಕೆಲಸ ನಾವೇ ಕಲಿಸಿಕೊಳ್ಳುತ್ತೇವೆ, ನಮಗೆ ಬೇಕಾದ್ದು ಚುರುಕು ಬುದ್ಧಿ ಮತ್ತು ದುಡಿಯುವ ಛಲ. ಒಪ್ಪೋಣ. ಸೇರಿದ ಮೇಲೆ ವಾರಗಟ್ಟಲೆ ತರಬೇತಿ ಕೊಡುವುದೂ ನಿಜ. ಹಾಗಿದ್ದರೆ ಸವಕಳಿಯ ಪ್ರಶ್ನೆ ಏಕೆ? ಚುರುಕು ಬೇಕಿದ್ದರೆ ಹೊಸ ಸಮಸ್ಯೆ ಕೊಟ್ಟು ನೋಡಬೇಕು. ಉತ್ತರ ಅಚ್ಚಾಗಿರುವ ಪ್ರಶ್ನೆಯಿಂದ ತಿಳಿಯುವುದು ಯಾರು ಗೈಡು ಓದಿದ್ದಾರೆ ಎಂಬುದಷ್ಟೇ. ಗೈಡು ಎಲ್ಲರಿಗೂ ಸಿಗುತ್ತದಲ್ಲ, ಓದಿದವನು ಗೆಲ್ಲುತ್ತಾನೆ, ಅದರಲ್ಲೇನು ಅನ್ಯಾಯ ಎಂಬುದು ಎರಡನೇ ಆಕ್ಷೇಪ. ಗೈಡು ಎಲ್ಲರಿಗೂ ಸಿಗುತ್ತದೆ ಸರಿ, ಅದನ್ನು ಯಾವಾಗ ತೆರೆಯಬೇಕೆಂಬ ಗುಟ್ಟು ಸಿಗುವುದಿಲ್ಲ. ಅದು ಅದೇ ಕಸುಬಿನ ಅಪ್ಪ, ಅಣ್ಣ, ಅಪ್ಪನ ಗೆಳೆಯರಿಂದ ಬರುವ ಆಸ್ತಿ. ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡ ದಂಪತಿಯನ್ನೇ ತೆಗೆದುಕೊಳ್ಳಿ. ಅವರ ಕಾಲದಲ್ಲಿ ಊರಿನ ಇಂಜಿನಿಯರಿಂಗ್ ಕಾಲೇಜಿಗೆ ಕಂಪನಿಗಳು ಬರುತ್ತಿದ್ದುದು ಕೊನೆಯ ವರ್ಷದಲ್ಲಿ. ಎರಡನೇ ವರ್ಷದ ಮಗ ಫೋನ್ ಮಾಡಿ ನೆಟ್‌ವರ್ಕಿಂಗ್ ಸಾಲುತ್ತಿಲ್ಲ ಎಂದು ಅಲವತ್ತುಕೊಂಡರೆ ಅಪ್ಪ ವೈಫೈ ರೂಟರ್ ಬದಲಿಸು ಎನ್ನುತ್ತಾರೆ, ಅಮ್ಮ ‘ಮೊದಲು ಊಟ ಮಾಡಪ್ಪ’ ಎನ್ನುತ್ತಾರೆ. ಓದಿದ, ಅನುಕೂಲಸ್ಥ ಮನೆಯ ಗತಿಯೇ ಇದಾದರೆ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಹತ್ತಿದ ಹುಡುಗಿಗೆ ವಿಷಯ ತಿಳಿಯುವುದು ಬಾಗಿಲು ಮುಚ್ಚಿದ ಮೇಲೆ.

ನಮ್ಮಲ್ಲಿ ಎಂಟನೇ ಕ್ಲಾಸಿಗೇ ಐಐಟಿ ಕೋಚಿಂಗ್ ಶುರು, ನಮಗೇನು ನಗುವ ಹಕ್ಕು ಎಂದು ಕೇಳಿದರೆ ಮಾತು ಸರಿಯೇ. ಆದರೆ ಒಂದು ವ್ಯತ್ಯಾಸ ಉಳಿಯುತ್ತದೆ. ಕೋಚಿಂಗ್ ಎಷ್ಟು ಬೇಗ ಶುರುವಾದರೂ ಜೆಇಇ ಪರೀಕ್ಷೆ ನಡೆಯುವುದು ಪಿಯುಸಿಯ ಹೊತ್ತಿಗೇ. ಪಠ್ಯ ಮೊದಲೇ ಪ್ರಕಟವಾಗಿರುತ್ತದೆ, ವೇಳಾಪಟ್ಟಿ ಎಲ್ಲರಿಗೂ ಒಂದೇ. ಯಾವುದೋ ಐಐಟಿ ಪಕ್ಕದ ಐಐಟಿಗಿಂತ ಮುಂದಾಗಬೇಕೆಂದು ಹತ್ತನೇ ಕ್ಲಾಸಿನ ಮಕ್ಕಳಿಗೆ ಸೀಟು ಹಂಚುವುದಿಲ್ಲ.

ಬ್ಯಾಂಕುಗಳ ಗಟ್ಟಿ ವಾದ ಇನ್ನೊಂದಿದೆ: ನಾವೊಬ್ಬರೇ ತಡೆದು ನಿಂತರೆ ಒಳ್ಳೆಯವರನ್ನು ಪಕ್ಕದವರು ಹೊತ್ತೊಯ್ಯುತ್ತಾರೆ. ಇದು ನಿಜ, ರೋಗದ ಮೂಲವೂ ಇದೇ. ಆದರೆ ಇದಕ್ಕೆ ಮದ್ದಿಲ್ಲವೆನ್ನುವುದು ಸುಳ್ಳು. 1940ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳೂ ಹೀಗೇ ಪೈಪೋಟಿಗೆ ಬಿದ್ದು, ವೈದ್ಯ ವಿದ್ಯಾರ್ಥಿಗಳನ್ನು ಪದವಿಗೆ ಎರಡು ವರ್ಷ ಇರುವಾಗಲೇ ಗೊತ್ತುಮಾಡಿಕೊಳ್ಳುತ್ತಿದ್ದವು. ಕೊನೆಗೆ ವೈದ್ಯ ಕಾಲೇಜುಗಳೂ ಆಸ್ಪತ್ರೆಗಳೂ ಒಂದೇ ದಿನಾಂಕಕ್ಕೆ, ಎರಡೂ ಕಡೆಯ ಇಷ್ಟವನ್ನು ತಾಳೆ ಹಾಕುವ ಒಂದೇ ಕೇಂದ್ರಕ್ಕೆ ಒಪ್ಪಿ, 1952ರಿಂದ ಆ ಏರ್ಪಾಡು ನಡೆದುಬಂದಿದೆ. ಇಂಥ ಮಾರುಕಟ್ಟೆಗಳನ್ನು ಅಭ್ಯಾಸ ಮಾಡಿದ ಆಲ್ವಿನ್ ರಾಥ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವಸರ ಕೆಟ್ಟದ್ದು ಎಂಬುದು ಬ್ಯಾಂಕುಗಳಿಗೂ ಗೊತ್ತಿದೆ, ತಮಗೆ ತಾಗಿದಾಗ. ಅವರು ಆರಿಸಿದ ಹುಡುಗರನ್ನು, ಕಂಪನಿಗಳನ್ನು ಕೊಂಡು ಮಾರುವ ಪ್ರೈವೇಟ್ ಇಕ್ವಿಟಿ ಸಂಸ್ಥೆಗಳು, ಕೆಲಸಕ್ಕೆ ಸೇರಿದ ಹೊಸದರಲ್ಲೇ, ಎರಡು ವರ್ಷದ ಮುಂದಿನ ನೌಕರಿಗೆ ಬುಕ್ ಮಾಡತೊಡಗಿದವು. 2025ರಲ್ಲಿ ಜೆಪಿ ಮಾರ್ಗನ್ ಬ್ಯಾಂಕು, ಸೇರಿ 18 ತಿಂಗಳಾಗುವ ಮೊದಲು ಬೇರೆಡೆಯ ಕೆಲಸ ಒಪ್ಪಿಕೊಂಡವರನ್ನು ಮನೆಗೆ ಕಳಿಸುವುದಾಗಿ ಹೊಸಬರಿಗೆ ಎಚ್ಚರಿಕೆ ಕೊಟ್ಟಿತು. ಅದೇ ಹೊತ್ತಿಗೆ ಪ್ರೈವೇಟ್ ಇಕ್ವಿಟಿ ಸಂಸ್ಥೆಯಾದ ಅಪೋಲೊ, 2027ರಲ್ಲಿ ಸೇರಬೇಕಾದ ತಂಡದ ಆಯ್ಕೆಯನ್ನು 2025ರಲ್ಲಿ ನಡೆಸುವುದಿಲ್ಲವೆಂದು ಸಾರಿತು. ಕೆಲಸಕ್ಕೆ ಸೇರಿದ ಇಪ್ಪತ್ತೆರಡರವನನ್ನು ಎರಡು ವರ್ಷ ಮೊದಲೇ ಬುಕ್ ಮಾಡುವುದು ತಪ್ಪಾದರೆ, ಕಾಲೇಜಿನ ಹತ್ತೊಂಬತ್ತರವನನ್ನು ಒಂದೂವರೆ ವರ್ಷ ಮೊದಲೇ ಆರಿಸುವುದು ಸರಿಯಾಗುವುದು ಹೇಗೆ?

ಮದ್ದು ಬ್ಯಾಂಕುಗಳ ಕೈಯಲ್ಲಿದೆ: ಮೂರನೇ ವರ್ಷದಲ್ಲಿ ಒಂದು ದಿನ ಗೊತ್ತುಮಾಡಿ, ಅದಕ್ಕೆ ಮೊದಲು ಯಾರನ್ನೂ ಕರೆಯದಿರುವುದು. ಅಲ್ಲಿಯವರೆಗೆ, ಇಂಥ ಹುಡುಗ ಅಥವಾ ಹುಡುಗಿ ನಿಮ್ಮ ಮನೆಯಲ್ಲಿದ್ದರೆ ಬೈಯಬೇಡಿ. ಅರ್ಜಿಯ ದಿನಾಂಕ ಮೊದಲನೇ ವರ್ಷದಲ್ಲೇ ವಿಚಾರಿಸಿ, ಗೈಡೂ ಕೊಡಿಸಿ. ಜೊತೆಗೆ ಒಂದು ಅಕೌಂಟಿಂಗ್ ಪಾಠಕ್ಕೂ ಸೇರಿಸಿ. ಕೆಲಸ ಸಿಕ್ಕರೆ ಅದು ಬೇಕಾಗುತ್ತದೆ. ಸಿಗದಿದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ.